ಟೈಗರ್ ಮಾತ್‌ನಿಂದ ಬ್ರಿಟನ್‌ವರೆಗೆ

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 1939ರ ಡಿಸೆಂಬರ್ 17ರಂದು ಎರಡನೇ ಮಹಾಯುದ್ಧಕ್ಕಾಗಿ ವೈಮಾನಿಕ ತರಬೇತಿಯ ಒಪ್ಪಂದ ಮಾಡಿಕೊಂಡವು. ಅದರಡಿ ಆಸ್ಟ್ರೇಲಿಯಾದ ಯುವಕ ಮೊದಲು ಕಲಿಯುತ್ತಿದ್ದದ್ದು ಗಣಿತ, ಮೋರ್ಸ್ ಸಂಕೇತ. ಆಮೇಲೆ ಟೈಗರ್ ಮಾತ್ ವಿಮಾನ. ತೆರೆದ ಕಾಕ್‌ಪಿಟ್, ಮುಂದಿನ ಸೀಟಿನಲ್ಲಿ ಗುರು, ಹಿಂದೆ ಶಿಷ್ಯ. ಇಬ್ಬರ ನಡುವಿನ ಮಾತೆಲ್ಲ ಒಂದು ಕೊಳವೆಯ ಮೂಲಕ. ಗುರು ಕೆಳಗಿಳಿದ ದಿನ ಮುಂದಿನ ಸೀಟು ಖಾಲಿ, ಶಿಷ್ಯ ಒಂಟಿ.

ಮುಂದಿನ ಪಾಠಕ್ಕೆ ಹಲವರು ಪೆಸಿಫಿಕ್ ದಾಟಿ ಕೆನಡಾಕ್ಕೆ ಹೋದರು. ಅದು ಮುಗಿದ ಮೇಲೆ ಅಟ್ಲಾಂಟಿಕ್. ನಿಜವಾದ ಭಯ ಶುರುವಾಗುತ್ತಿದ್ದದ್ದು ಇಲ್ಲೇ, ಜರ್ಮನ್ ಜಲಾಂತರ್ಗಾಮಿಗಳಿಂದ. ರಾತ್ರಿ ಡೆಕ್ ಮೇಲೆ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಕ್ವೀನ್ ಮೇರಿಯಂಥ ವೇಗದ ಹಡಗು ವೇಗವನ್ನೇ ನಂಬಿ, ಅಂಕುಡೊಂಕಾಗಿ ಸಾಗುತ್ತಿತ್ತು.

ಬ್ರಿಟನ್ ಮುಟ್ಟಿದ ಅನೇಕರು ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್ ಸೇರಿದರು. ಅಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಪ್ರಾಣ ಕಳೆದುಕೊಂಡರು.