ಗೊಲ್: ಒಂದು ಬೆಂಕಿ, ಒಂದು ಕುಲ

ಡಿಂಕಾ ಮಾತಿನಲ್ಲಿ ‘ಗೊಲ್’ ಎಂದರೆ ದನದೊಡ್ಡಿಯಲ್ಲಿ ಸಣ್ಣಗೆ ಹೊಗೆಯಾಡುತ್ತಲೇ ಇರುವ ಸಗಣಿ ಬೆಂಕಿ. ಆ ಬೆಂಕಿಯ ಸುತ್ತ ದನ ಕಟ್ಟಿ, ಅದರ ಬೂದಿಯ ಪಕ್ಕದಲ್ಲೇ ಮಲಗೇಳುವ ಒಂದು ವಂಶದ ಜನಕ್ಕೂ ಅದೇ ಹೆಸರು. ‘ನೀನು ಯಾರ ಪೈಕಿ’ ಎಂದು ಕೇಳುವುದೂ ‘ನಿನ್ನದು ಯಾವ ಬೆಂಕಿ’ ಎಂದು ಕೇಳುವುದೂ ಅವರಲ್ಲಿ ಒಂದೇ ಪ್ರಶ್ನೆ.

ಡಿಂಕಾಗಳು ದಕ್ಷಿಣ ಸುಡಾನಿನ ಅತಿ ದೊಡ್ಡ ಜನಾಂಗ. ಆ ಹೆಸರು ಹೊರಗಿನವರು ಇಟ್ಟದ್ದು, ಅವರು ತಮ್ಮನ್ನು ಜಿಯೆಂಗ್ ಎಂದು ಕರೆದುಕೊಳ್ಳುತ್ತಾರೆ. ಬೋರ್, ಅಗಾರ್, ಮಲುವಾಲ್, ಎನ್‌ಗೋಕ್ ಎಂದು ಅವರಲ್ಲಿ ಹತ್ತಾರು ಪಂಗಡಗಳಿವೆ. ವಾಯವ್ಯದ ವರಾಪ್ ರಾಜ್ಯದಲ್ಲಿರುವ ಗೊಗ್ರಿಯಲ್ ಸೀಮೆಯ ರೆಕ್ ಡಿಂಕಾಗಳು ಅವುಗಳಲ್ಲೊಂದು. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಗಾಡ್‌ಫ್ರಿ ಲೀನ್‌ಹಾರ್ಟ್ 1947ರಿಂದ 1950ರ ನಡುವೆ ಡಿಂಕಾ ನಾಡಿನಲ್ಲಿದ್ದು ಅಧ್ಯಯನ ಮಾಡಿದರು. 1961ರಲ್ಲಿ ಬಂದ ಅವರ ಪುಸ್ತಕದಿಂದಾಗಿ ಈ ಜನರ ಕುಲವ್ಯವಸ್ಥೆ ಹೊರಜಗತ್ತಿಗೆ ವಿವರವಾಗಿ ಗೊತ್ತಾಯಿತು.

ಇಲ್ಲಿನ ಬದುಕು ಎರಡು ನೆಲೆಗಳ ನಡುವಿನ ನಡಿಗೆ. ಮಳೆಗಾಲದಲ್ಲಿ ಬಯಲೆಲ್ಲ ನೀರು ನಿಲ್ಲುತ್ತದೆ. ಆಗ ಜನ ಎತ್ತರದ ದಿಣ್ಣೆಗಳ ಮೇಲಿನ ಹಳ್ಳಿಗಳಲ್ಲಿದ್ದು ಜೋಳ ಬೆಳೆಯುತ್ತಾರೆ. ನಮ್ಮ ಬಯಲುಸೀಮೆಯ ರೊಟ್ಟಿಯ ಜೋಳಕ್ಕೂ ಮೂಲ ತವರು ಈಶಾನ್ಯ ಆಫ್ರಿಕಾದ ಈ ಪಟ್ಟಿಯೇ. ರಾತ್ರಿ ದನಗಳಿಗೆ ‘ಲುವಾಕ್’ ಎಂಬ ಕೊಟ್ಟಿಗೆ. ದುಂಡಗಿನ ಗೋಡೆಯ ಮೇಲೆ ಶಂಕುವಿನಾಕಾರದ ಹುಲ್ಲಿನ ಮಾಡು ಹೊತ್ತ ಇದು ಮನುಷ್ಯರ ಗುಡಿಸಲಿಗಿಂತ ಎಷ್ಟೋ ದೊಡ್ಡದು. ಮಳೆ ನಿಂತು ಹುಲ್ಲು ಒಣಗಿದ ಮೇಲೆ ಯುವಕ ಯುವತಿಯರು ದನ ಹೊಡೆದುಕೊಂಡು ನದಿ ಪಕ್ಕದ ಹಸಿ ಹುಲ್ಲುಗಾವಲಿಗೆ, ಅಂದರೆ ‘ತೊಯ್ಚ್’ಗೆ, ಇಳಿಯುತ್ತಾರೆ. ಊರಲ್ಲಿ ಉಳಿಯುವವರಲ್ಲಿ ಮುದುಕರೇ ಹೆಚ್ಚು. ಹುಲ್ಲುಗಾವಲಲ್ಲಿ ಹೂಡುವ ದೊಡ್ಡಿಗೆ ‘ವುತ್’ ಎಂಬ ಹೆಸರು. ಸಂಜೆ ಒಂದೊಂದು ದನವನ್ನೂ ಅದರದರ ಗೂಟಕ್ಕೆ ಕಟ್ಟಿ, ಒಣಗಿಸಿದ ಸಗಣಿಗೆ ಬೆಂಕಿ ಹಾಕುತ್ತಾರೆ. ಹೊಗೆಗೆ ಸೊಳ್ಳೆ ದೂರ. ಬೂದಿಯನ್ನು ಮೈಗೂ ದನದ ಮೈಗೂ ಬಳಿಯುತ್ತಾರೆ, ಹಲ್ಲುಜ್ಜುವುದಕ್ಕೂ ಅದೇ. ಗಂಜಲದಲ್ಲಿ ತೊಳೆದ ಹುಡುಗರ ತಲೆಗೂದಲು ಕೆಂಚಾಗಿರುತ್ತದೆ.

ವುತ್ ಎಂಬ ಮಾತು ದೊಡ್ಡಿಯಿಂದ ಬೆಳೆದು ಒಂದು ಸೀಮೆಯ ಪಂಗಡಕ್ಕೂ ಸಲ್ಲುತ್ತದೆ. ಅಪುಕ್, ಅಗುವೊಕ್ ಎಂಬಂಥವು ಗೊಗ್ರಿಯಲ್ಲಿನ ಅಂಥ ಪಂಗಡಗಳು. ಕುಲ ಹಾಗಲ್ಲ, ಅದು ಒಂದೇ ಜಾಗದಲ್ಲಿ ಗುಡ್ಡೆ ಬಿದ್ದಿರುವುದಿಲ್ಲ. ಪಗೊಂಗ್, ಪಡಿಯಾಂಗ್‌ಬಾರ್, ಪಾರುಮ್ ಎಂದು ಕುಲಗಳ ಹೆಸರು ‘ಪ’ದಿಂದ ಶುರುವಾಗುತ್ತವೆ. ಇಂತಿಂಥವರ ಮನೆ ಎಂಬ ಅರ್ಥ ಆ ಅಕ್ಷರಕ್ಕಿದೆ. ಆ ಮನೆಯ ಮಕ್ಕಳು ಹತ್ತಾರು ವುತ್‌ಗಳಲ್ಲಿ, ನೂರಾರು ಮೈಲಿ ದೂರದಲ್ಲೂ ಸಿಗುತ್ತಾರೆ. ನಮ್ಮಲ್ಲಿ ಒಂದೇ ಬೆಡಗಿನವರು, ಒಂದೇ ಬಳಿಯವರು ಸಂಬಂಧ ಬೆಳೆಸುವುದಿಲ್ಲವಲ್ಲ, ಇಲ್ಲೂ ಹಾಗೆಯೇ: ಒಂದೇ ಕುಲದೊಳಗೆ ಮದುವೆ ಇಲ್ಲ. ಹೀಗಾಗಿ ಹೆಣ್ಣು ಕೊಟ್ಟು ತರುವ ನಂಟು ಸದಾ ಹೊರಗಿನ ಬೆಂಕಿಯ ಜೊತೆಗೇ. ಇವತ್ತು ಹುಲ್ಲಿಗಾಗಿ ಜಗಳಕ್ಕೆ ನಿಂತ ಪಕ್ಕದ ದೊಡ್ಡಿಯಲ್ಲಿ ಸೋದರಮಾವನೂ ಇದ್ದಾನು, ತಂಗಿಯ ಗಂಡನೂ ಇದ್ದಾನು. ಡಿಂಕಾ ಸಮಾಜದ ನಿಜವಾದ ಜಾಣ್ಮೆ ಇರುವುದು ಈ ಚದುರುವಿಕೆಯಲ್ಲಿ.

ಪ್ರತಿ ಕುಲಕ್ಕೂ ‘ಯಾಥ್’ ಎಂಬ ಕುಲದೈವವಿದೆ. ಸಿಂಹ, ಮೊಸಳೆ, ಜಿರಾಫೆ, ಆನೆ, ಹಾವು, ಯಾವುದೋ ಮರ, ಕೆಲವರಿಗೆ ಬೆಂಕಿ. ಅನೇಕ ಕುಲಗಳ ಕಥೆ ಒಂದೇ ಎಳೆಯದು: ಮೂಲಪುರುಷ ಆ ಪ್ರಾಣಿಯ ಜೊತೆ ಅವಳಿಯಾಗಿ ಹುಟ್ಟಿದ. ಒಡಹುಟ್ಟಿದ್ದನ್ನು ಕೊಲ್ಲುವುದುಂಟೇ, ತಿನ್ನುವುದುಂಟೇ? ಹಾವು ಯಾಥ್ ಆಗಿರುವವರು ಗುಡಿಸಲಿಗೆ ಬಂದ ಹಾವಿನ ಮೇಲೆ ಕೋಲೆತ್ತುವುದಿಲ್ಲ.

ಕುಲಗಳಲ್ಲಿ ಎರಡು ಬಗೆ. ‘ಕಿಚ್’ ಎಂದರೆ ಸಾಮಾನ್ಯರು. ಇನ್ನೊಂದು ‘ಬೆನ್ಯ್ ಬಿಥ್’ಗಳ ಕುಲ, ಎಂದರೆ ಮೀನು ಹೊಡೆಯುವ ಈಟಿಯ ಒಡೆಯರದು. ಇವರ ಅಧಿಕಾರದ ಮೂಲಕ್ಕೊಂದು ಸೊಗಸಾದ ಕಥೆಯಿದೆ. ನದಿಯ ಶಕ್ತಿಯಿಂದ ಹುಟ್ಟಿದ ಐವೆಲ್ ಲೊಂಗಾರ್ ಎಂಬವನು ದಡದಲ್ಲಿ ಈಟಿ ಹಿಡಿದು ನಿಂತು, ಜೊಂಡಿನ ನಡುವೆ ನದಿ ದಾಟುತ್ತಿದ್ದವರನ್ನೆಲ್ಲ ತಿವಿದು ಕೊಲ್ಲುತ್ತಿದ್ದ. ಅಗೊಥ್ಯಾಥಿಕ್ ಎಂಬವನು ಎತ್ತಿನ ಸೊಂಟದ ಮೂಳೆಯನ್ನು ಕೋಲಿಗೆ ಸಿಕ್ಕಿಸಿ ಜೊಂಡಿನ ನಡುವೆ ಆಡಿಸಿದ. ತಲೆಯೆಂದು ತಿಳಿದು ಲೊಂಗಾರ್ ಎಸೆದ ಈಟಿ ಮೂಳೆಯಲ್ಲಿ ಸಿಕ್ಕಿಕೊಂಡಿತು. ಹಿಂದಿನಿಂದ ಬಂದು ಹಿಡಿದ ಅಗೊಥ್ಯಾಥಿಕ್‌ನ ಜೊತೆ ಗುದ್ದಾಡಿ ದಣಿದ ಲೊಂಗಾರ್, ಕೊನೆಗೆ ತನ್ನ ಈಟಿಗಳನ್ನೂ ಅವುಗಳ ಜೊತೆ ಪ್ರಾರ್ಥನೆಯ ಬಲವನ್ನೂ ಹಂಚಿಕೊಟ್ಟ. ಪಗೊಂಗ್ ಕುಲ ಆ ಅಗೊಥ್ಯಾಥಿಕ್‌ನದು.

ಈಗಲೂ ರೋಗ, ಬರ, ಜಗಳ ಬಂದಾಗ ಒಡೆಯ ಈಟಿ ಆಡಿಸುತ್ತ ಒಂದೊಂದೇ ವಾಕ್ಯ ಹೇಳುತ್ತಾನೆ, ನೆರೆದವರು ಅದನ್ನೇ ಒಕ್ಕೊರಲಿನಿಂದ ಮರುನುಡಿಯುತ್ತಾರೆ. ಬಲಿಯಾದ ಎತ್ತಿನ ಯಾವ ಭಾಗ ಯಾವ ನಂಟರಿಗೆ ಎಂಬುದು ಮೊದಲೇ ಗೊತ್ತಿರುವ ಲೆಕ್ಕ. ಹಿಂದೆ ಮುಪ್ಪಾದ ಒಡೆಯ ತನ್ನ ಸಾವು ಹತ್ತಿರವಾದಾಗ ತಾನೇ ಹೇಳಿ ಸಮಾಧಿಗೆ ಇಳಿಯುತ್ತಿದ್ದನಂತೆ. ಜನ ಹಾಡುತ್ತಿದ್ದರು, ಅಳುವಂತಿರಲಿಲ್ಲ, ಅವನು ಸತ್ತ ಎಂದು ಹೇಳುವಂತೆಯೂ ಇರಲಿಲ್ಲ. ತನ್ನವರ ಉಸಿರನ್ನು ಅವನು ಕಾಪಿಟ್ಟು ಹೋದ ಎಂಬ ನಂಬಿಕೆ. ಲೀನ್‌ಹಾರ್ಟ್ ಇದನ್ನು ಕಣ್ಣಾರೆ ಕಂಡವರಲ್ಲ, ಬಲ್ಲವರ ಬಾಯಿಂದ ಕೇಳಿ ಬರೆದುಕೊಂಡವರು.

ದನದ ಮೇಲಿನ ಪ್ರೀತಿ ಈ ಭಾಷೆಯ ಒಳಗೇ ಇಳಿದಿದೆ. ಬಣ್ಣಗಳಿಗೆ ಹೆಸರು ಬಂದಿರುವುದು ದನಗಳಿಂದ. ಬಿಳಿ ಹೋರಿ ಮಾಬಿಯೋರ್, ಕರಿಯದು ಮಾಚಾರ್, ಕೆಂದದು ಮಾಲುವಾಲ್. ಚಿರತೆಯ ಹಾಗೆ ಚುಕ್ಕೆಯಿದ್ದರೆ ಮಾಕುವಾಚ್, ಮೊಸಳೆಯ ಹಾಗೆ ಪಟ್ಟೆಯಿದ್ದರೆ ಮಾನ್ಯಾಂಗ್. ಗಂಡಸಾಗುವ ದೀಕ್ಷೆಯ ದಿನ ಹುಡುಗನ ಹಣೆಯ ಮೇಲೆ ಕತ್ತಿಯ ಗೆರೆ ಬೀಳುತ್ತದೆ, ಅದರ ವಿನ್ಯಾಸ ಪಂಗಡದಿಂದ ಪಂಗಡಕ್ಕೆ ಬೇರೆ. ಆಮೇಲೆ ಅವನು ಹಾಲು ಕರೆಯುವುದಿಲ್ಲ, ಅದು ಹೆಂಗಸರ ಮತ್ತು ಮಕ್ಕಳ ಕೆಲಸ. ಅವನಿಗೆ ತನ್ನದೇ ಎನ್ನುವ ಒಂದು ಎತ್ತು ಸಿಗುತ್ತದೆ. ಅದರ ಕೊಂಬಿಗೆ ಕುಚ್ಚು ಕಟ್ಟಿ, ಅದರ ಮೇಲೆ ಹಾಡು ಕಟ್ಟಿ, ಅದರ ಬಣ್ಣದ ಹೆಸರಿನಿಂದಲೇ ಕರೆಸಿಕೊಳ್ಳುತ್ತಾನೆ. ದಕ್ಷಿಣ ಸುಡಾನಿನ ಹೋರಾಟವನ್ನು ಮುನ್ನಡೆಸಿ 2005ರಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಜಾನ್ ಗರಾಂಗ್ ಡೆ ಮಾಬಿಯೋರ್ ಕೂಡ ಡಿಂಕಾ. ಹೆಸರಿನ ಕೊನೆಯ ಪದ ಅವರ ತಂದೆಯದು, ಬಿಳಿ ಹೋರಿಯದೂ ಹೌದು.

ಮದುವೆಗೆ ತೆರ ಕೊಡುವುದೂ ದನದಲ್ಲೇ. ವರನ ತಂದೆ, ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಕೈಜೋಡಿಸಬೇಕು. ವಧುವಿನ ಕಡೆಯಲ್ಲೂ ಅವು ತಂದೆತಾಯಿಯ ಎರಡೂ ಬಳಗಕ್ಕೆ ಹಂಚಿಹೋಗುತ್ತವೆ. ಗಂಡುಮಗನಿಲ್ಲದೆ ಸತ್ತವನ ಹೆಸರಿನಲ್ಲಿ ತಮ್ಮ ಮದುವೆಯಾಗುವುದುಂಟು, ಹುಟ್ಟುವ ಮಕ್ಕಳು ಸತ್ತ ಅಣ್ಣನವು. ಅಬ್ಯೆಯಿಯ ಎನ್‌ಗೋಕ್ ಡಿಂಕಾ ಮುಖ್ಯಸ್ಥರ ಮಗ, ವಿದ್ವಾಂಸ ಫ್ರಾನ್ಸಿಸ್ ಮಡಿಂಗ್ ಡೆಂಗ್ ತಮ್ಮ ಬರಹಗಳಲ್ಲಿ ‘ಚಿಯೆಂಗ್’ ಎಂಬ ಮಾತಿಗೆ ಮತ್ತೆ ಮತ್ತೆ ಮರಳುತ್ತಾರೆ. ಹೊಂದಿಕೊಂಡು ಬಾಳುವುದು, ಬಾಳುವ ರೀತಿ ಎರಡೂ ಅದರ ಅರ್ಥ.

ಆ ಹೊಂದಿಕೆಗೆ ಬಂದೂಕು ಕೊಟ್ಟ ಪೆಟ್ಟು ದೊಡ್ಡದು. 1983ರಿಂದ 2005ರವರೆಗಿನ ಸುಡಾನಿನ ಅಂತರ್ಯುದ್ಧದಲ್ಲಿ ಸುಮಾರು 20 ಲಕ್ಷ ಜನ ಸತ್ತರೆಂಬ ಅಂದಾಜಿದೆ. 1998ರಲ್ಲಿ ಬಹರ್ ಎಲ್ ಗಜಲ್ ಸೀಮೆಯನ್ನು ಕ್ಷಾಮ ಹಿಂಡಿತು. 2011ರ ಜುಲೈ 9ರಂದು ದಕ್ಷಿಣ ಸುಡಾನಿಗೆ ಸ್ವಾತಂತ್ರ್ಯ ಬಂತು, ಆದರೆ ಈಟಿಯ ಜಾಗಕ್ಕೆ ಬಂದಿದ್ದ ರೈಫಲ್ ದೊಡ್ಡಿಯಲ್ಲೇ ಉಳಿಯಿತು. ತೆರ ಏರಿದಂತೆ ದನ ದೋಚುವ ದಾಳಿಗಳೂ ಏರಿದವು. ಅಪುಕ್ ಮತ್ತು ಅಗುವೊಕ್ ನಡುವಿನ ಕಾದಾಟ ಎಷ್ಟು ಬೆಳೆಯಿತೆಂದರೆ, 2017ರ ಜುಲೈನಲ್ಲಿ ಗೊಗ್ರಿಯಲ್ ಮತ್ತು ಸುತ್ತಲ ಕೆಲವು ಪ್ರದೇಶಗಳಲ್ಲಿ ಮೂರು ತಿಂಗಳ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಈಟಿ ಎಸೆಯುವವನಿಗೆ ಎದುರಿಗಿರುವವನ ಮುಖ ಕಾಣುತ್ತಿತ್ತು. ದೂರದಿಂದ ಬರುವ ಗುಂಡಿಗೆ ಸೋದರಮಾವ ಯಾರು, ಭಾವ ಯಾರು ಎಂಬುದು ತಿಳಿಯುವುದಿಲ್ಲ.

ಯುದ್ಧಕಾಲದಲ್ಲಿ ಓಡಿಹೋದವರು ಕೆನ್ಯಾದ ಕಾಕುಮಾ ಶಿಬಿರ ದಾಟಿ ಅಮೆರಿಕದ ಒಮಾಹ, ಆಸ್ಟ್ರೇಲಿಯಾದ ಮೆಲ್ಬರ್ನ್ ತಲುಪಿದರು. ಅಲ್ಲಿ ದನವಿಲ್ಲ, ಹೊಗೆಯಿಲ್ಲ. ಆದರೂ ಮದುವೆ ಮಾತು ಬಂದಾಗ ಹಿರಿಯರು ಮೊದಲು ವಿಚಾರಿಸುವುದು ಕುಲವನ್ನೇ. ಮಾತು ಕುದುರಿದರೆ ಹಣ ತಾಯ್ನಾಡಿನ ನಂಟರ ಕೈ ಸೇರುತ್ತದೆ. ಅವರು ಸಂತೆಯಲ್ಲಿ ದನ ಕೊಂಡು, ಹೊಡೆದುಕೊಂಡು ಹೋಗಿ, ವಧುವಿನ ಬಳಗದ ಗೂಟಗಳಿಗೆ ಕಟ್ಟಿ ಬರುತ್ತಾರೆ.