ಸ್ಯಾಂಪ್ಲಿಂಗ್ ಮತ್ತು ಸೀಕ್ವೆನ್ಸಿಂಗ್: ಸಂಗೀತ ಕೀಬೋರ್ಡಿನ ಎರಡು ಬಗೆಯ ನೆನಪು

ಸ್ವರ ಹೊಮ್ಮಿಸುವುದು, ನುಡಿಸಿದ್ದನ್ನು ದಾಖಲಿಸುವುದು ಹಾಗೂ ತಿದ್ದುವುದು ಒಂದೇ ಉಪಕರಣದಲ್ಲಿ ಕೂಡಿದ್ದರೆ ಅದನ್ನು ಮ್ಯೂಸಿಕ್ ವರ್ಕ್‌ಸ್ಟೇಷನ್ ಎನ್ನುತ್ತಾರೆ. ಸ್ಯಾಂಪ್ಲಿಂಗ್ ಮತ್ತು ಸೀಕ್ವೆನ್ಸಿಂಗ್ ಅದರ ಎರಡು ಮುಖ್ಯ ಸಾಮರ್ಥ್ಯಗಳು. ಎರಡನ್ನೂ ‘ರೆಕಾರ್ಡಿಂಗ್’ ಎಂದೇ ಕರೆಯುವ ರೂಢಿಯಿಂದ ಶಾಲೆಗಳಲ್ಲಿ ಗೊಂದಲ ಉಂಟಾಗುತ್ತದೆ. ಸ್ಯಾಂಪ್ಲಿಂಗ್ ನೆನಪಿಡುವುದು ಧ್ವನಿಯನ್ನು. ಸೀಕ್ವೆನ್ಸಿಂಗ್ ನೆನಪಿಡುವುದು ನುಡಿಸಿದ ಕ್ರಮವನ್ನು.

ಸ್ಯಾಂಪ್ಲಿಂಗ್‌ನಲ್ಲಿ ಉಪಕರಣವು ಧ್ವನಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಸಂಖ್ಯೆಗಳಾಗಿ ಇರಿಸಿಕೊಳ್ಳುತ್ತದೆ. ಸಿ.ಡಿ.ಯ ಮಟ್ಟದ ಧ್ವನಿಗೆ ಈ ಅಳತೆ ಸೆಕೆಂಡಿಗೆ 44,100 ಬಾರಿ ನಡೆಯುತ್ತದೆ. ಆ ಧ್ವನಿಯನ್ನು ಕೀಲಿಮಣೆಯಿಂದ ಮರಳಿ ನುಡಿಸಬಹುದು. ಆದರೆ ಮೇಲಿನ ಕೀಲಿಯನ್ನು ಒತ್ತಿದಾಗ ಸಾಮಾನ್ಯವಾಗಿ ಶ್ರುತಿ ಏರುವುದರೊಂದಿಗೆ ವೇಗವೂ ಹೆಚ್ಚಿ, ಮಾನವಕಂಠವು ಕೀರಲಾಗುತ್ತದೆ.

ಸೀಕ್ವೆನ್ಸರ್‌ನಲ್ಲಿ ಧ್ವನಿಯೇ ಇರುವುದಿಲ್ಲ. ಯಾವ ಕೀಲಿಯನ್ನು ಯಾವಾಗ, ಎಷ್ಟು ಬಲದಿಂದ ಒತ್ತಿ, ಯಾವಾಗ ಬಿಡಲಾಯಿತು ಎಂಬ ಸೂಚನೆಗಳು ಮಾತ್ರ ಇರುತ್ತವೆ. ಪಾಠವನ್ನು ಓದಿದ ದನಿಗೂ ಪಾಠದ ಬರಹಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಬರಹವನ್ನು ತಿದ್ದುವಂತೆ ಒಂದು ತಪ್ಪು ಸ್ವರವನ್ನಷ್ಟೇ ತಿದ್ದಬಹುದು. ಶ್ರುತಿ ಕೆಡದಂತೆ ವೇಗವನ್ನೂ, ವೇಗ ಕೆಡದಂತೆ ಶ್ರುತಿಯನ್ನೂ ಬದಲಿಸಬಹುದು. ಕೊಳಲಿನ ಬದಲು ಪಿಟೀಲನ್ನು ಆಯ್ದುಕೊಳ್ಳಬಹುದು.

ಮೂರು ಜಪಾನೀ ಉಪಕರಣಗಳ ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. 1988ರ ಕೊರ್ಗ್ ಎಂ-1ರಲ್ಲಿ 8 ಟ್ರ್ಯಾಕ್‌ಗಳ ಸೀಕ್ವೆನ್ಸರ್ ಇತ್ತು. ಆದರೆ ಬಳಕೆದಾರನು ಹೊಸ ಧ್ವನಿಯನ್ನು ಸ್ಯಾಂಪಲ್ ಮಾಡುವಂತಿರಲಿಲ್ಲ. 1999ರ ಕೊರ್ಗ್ ಟ್ರೈಟನ್ 16 ಟ್ರ್ಯಾಕ್‌ಗಳೊಂದಿಗೆ 16 ಎಂ.ಬಿ. ಸ್ಯಾಂಪ್ಲಿಂಗ್ ಸ್ಮೃತಿಯನ್ನು ನೀಡಿತು; ಮೋನೋ ಧ್ವನಿಗೆ ಇದು ಸುಮಾರು ಮೂರು ನಿಮಿಷ. 2001ರ ಯಮಹಾ ಮೋಟಿಫ್‌ನಲ್ಲೂ 16 ಟ್ರ್ಯಾಕ್‌ಗಳಿದ್ದವು. ಮೂಲ ಸ್ಯಾಂಪ್ಲಿಂಗ್ ಸ್ಮೃತಿ ಮಾತ್ರ 4 ಎಂ.ಬಿ., ಅಂದರೆ ಸುಮಾರು 47 ಸೆಕೆಂಡು. ಎರಡರಲ್ಲೂ ಇದನ್ನು 64 ಎಂ.ಬಿ.ವರೆಗೆ ಹೆಚ್ಚಿಸಬಹುದಿತ್ತು. ಸೂಚನೆಗಳಿಗೆ ಬೇಕಾದ ಜಾಗ ಅತ್ಯಲ್ಪ. ಧ್ವನಿಗೆ ಬೇಕಾದದ್ದು ಅಪಾರ.

ಶಿಕ್ಷಕರ ಆಯ್ಕೆಗೆ ಇದೇ ಆಧಾರ. ಮಕ್ಕಳ ಕಂಠಕ್ಕೆ ತಕ್ಕಂತೆ ಪ್ರಾರ್ಥನೆಯ ಶ್ರುತಿಯನ್ನು ಇಳಿಸಬೇಕಾದರೆ ಸೀಕ್ವೆನ್ಸಿಂಗ್ ಸೂಕ್ತ. ಆದರೆ ಕೀಲಿಮಣೆಯ ಹನ್ನೆರಡು ಸ್ಥಿರ ಸ್ವರಸ್ಥಾನಗಳ ನಡುವೆ ಜಾರುವ ಗಮಕವನ್ನು ಅದರಲ್ಲಿ ಮೂಡಿಸಲು ಪಿಚ್ ಬೆಂಡ್ ಸೂಚನೆಗಳನ್ನು ಪ್ರತ್ಯೇಕವಾಗಿ ಸೇರಿಸಬೇಕು. ಊರಿನ ಅಜ್ಜಿ ಹಾಡುವ ಬೀಸುವ ಪದದಲ್ಲಿ ರಾಗ ಮಾತ್ರವಲ್ಲ, ಗಡಿನಾಡಿನ ಕನ್ನಡದ ಉಚ್ಚಾರವೂ ಇರುತ್ತದೆ. ಅದರ ಸ್ವರಗಳನ್ನು ಸೀಕ್ವೆನ್ಸರ್‌ಗೆ ಇಳಿಸಿದರೆ ರಾಗ ಉಳಿದೀತು, ನುಡಿ ಉಳಿಯದು. ಅದರ ಒಂದೆರಡು ಸಾಲುಗಳನ್ನು ಸ್ಯಾಂಪಲ್ ಮಾಡಬಹುದು. ಇಡೀ ಹಾಡಿಗೆ ಮೊಬೈಲ್ ಧ್ವನಿಮುದ್ರಣವೇ ಮೇಲು.

ಒಂದು ಎಚ್ಚರಿಕೆ ಅಗತ್ಯ. ಟ್ರೈಟನ್ ಮತ್ತು ಮೋಟಿಫ್‌ಗಳಲ್ಲಿ ವಿದ್ಯುತ್ ನಿಂತೊಡನೆ ಸ್ಯಾಂಪಲ್‌ಗಳೂ ಸೀಕ್ವೆನ್ಸ್‌ಗಳೂ ಅಳಿಸಿಹೋಗುತ್ತವೆ. ಮೊದಲನೆಯದರಲ್ಲಿ ಫ್ಲಾಪಿಗೆ, ಎರಡನೆಯದರಲ್ಲಿ ಸ್ಮಾರ್ಟ್‌ಮೀಡಿಯಾ ಕಾರ್ಡಿಗೆ ಉಳಿಸಿದ ಬಳಿಕವೇ ಉಪಕರಣವನ್ನು ಆರಿಸಬೇಕು. ಇಲ್ಲವಾದರೆ ಮಕ್ಕಳ ದಿನವಿಡೀ ಶ್ರಮ ವ್ಯರ್ಥ.

ತರಗತಿ ಚಟುವಟಿಕೆ: ಕೀಬೋರ್ಡ್ ಇಲ್ಲದ ಶಾಲೆಯಲ್ಲೂ ಈ ಭೇದವನ್ನು ತಿಳಿಸಬಹುದು. ಒಬ್ಬ ವಿದ್ಯಾರ್ಥಿ ಚಪ್ಪಾಳೆಯ ಲಯವೊಂದನ್ನು ತಟ್ಟಲಿ. ಒಂದು ಗುಂಪು ಅದನ್ನು ಮೊಬೈಲಿನಲ್ಲಿ ಮುದ್ರಿಸಲಿ. ಇನ್ನೊಂದು ಗುಂಪು ಚುಕ್ಕೆ, ಗೆರೆಗಳಲ್ಲಿ ಬರೆದುಕೊಳ್ಳಲಿ. ಬಳಿಕ ಅದೇ ಲಯವನ್ನು ನಿಧಾನವಾಗಿ, ಮೇಜಿನ ಮೇಲೆ ಬಡಿದು ತೋರಿಸಲು ಹೇಳಬೇಕು. ಯಾವ ದಾಖಲೆ ನೆರವಾಯಿತು, ಯಾವುದರಲ್ಲಿ ಆ ವಿದ್ಯಾರ್ಥಿಯ ಕೈಯ ಸದ್ದು ಉಳಿಯಿತು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.