ಎಂಜಿನ್ ನಿಂತ ಮೇಲಿನ ಮೊದಲ ಗಂಟೆ

ಜೂನ್ 1ರಿಂದ ಜುಲೈ 31ರ ತನಕದ 61 ದಿನ, ಮುಂಗಾರಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ, ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರುಗಳಲ್ಲಿ ಟ್ರಾಲರ್, ಪರ್ಸೀನ್ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಆ ಅವಧಿಯಲ್ಲಿ ಕಡಲಿಗಿಳಿಯಲು ಅನುಮತಿ ಇರುವುದು ನಾಡದೋಣಿಗೆ. ಅದಕ್ಕೆ ಕೂರಿಸುವ ಎಂಜಿನ್ 10 ಅಶ್ವಶಕ್ತಿ ಮೀರುವಂತಿಲ್ಲ. ವರ್ಷದ ಅತಿ ಒರಟು ಕಡಲು ಹೀಗೆ ಅತಿ ಸಣ್ಣ ದೋಣಿಯ ಪಾಲಾಗುತ್ತದೆ. ದೋಣಿಯ ಹಿಂಬದಿಗೆ ತಿರುಪಿನಿಂದ ಬಿಗಿದು, ಕೈಯಲ್ಲಿ ಹಗ್ಗ ಎಳೆದು ಚಾಲೂ ಮಾಡುವ ಆ ಔಟ್‌ಬೋರ್ಡ್ ಎಂಜಿನ್ ಇಂದಲ್ಲ ನಾಳೆ ನಡುನೀರಿನಲ್ಲಿ ನಿಂತೇ ನಿಲ್ಲುತ್ತದೆ. ಅದಕ್ಕೆ ಅಣಿಯಾಗಿರುವುದು ಮೊಗವೀರ, ಖಾರ್ವಿ, ಹರಿಕಂತ್ರರ ಕಸುಬಿನಲ್ಲಿ ಬಲೆ ಹೆಣೆಯುವಷ್ಟೇ ದೊಡ್ಡ ವಿದ್ಯೆ. ಆದರೆ ಈ ವಿದ್ಯೆಯ ಮಾತು ಬಂದಾಗಲೆಲ್ಲ ನಾವು ರಿಪೇರಿ ಪೆಟ್ಟಿಗೆಯತ್ತಲೇ ಕೈ ತೋರಿಸುತ್ತೇವೆ. ಸಣ್ಣ ದೋಣಿಯ ಮೊದಲ ಬಿಡಿಭಾಗ ಲಂಗರು, ಪಾನಾ ಮತ್ತು ಪ್ಲಗ್‌ಗಳ ಸರದಿ ಆಮೇಲೆ ಎಂಬುದು ಈ ಲೇಖನದ ವಾದ.

ಮೊದಲು ಎಂಜಿನ್ನಿನ ಸ್ವಭಾವ ತಿಳಿಯಬೇಕು. ಇಲ್ಲಿನ ನಾಡದೋಣಿಗಳು ಬಹುಕಾಲ ನೆಚ್ಚಿಕೊಂಡದ್ದು ಸಬ್ಸಿಡಿಯ ಸೀಮೆಎಣ್ಣೆಯನ್ನು. ಸೀಮೆಎಣ್ಣೆ ತಣ್ಣಗಿನ ಎಂಜಿನ್ನಿನಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು, ಕಾರ್ಬುರೇಟರಿನಲ್ಲಿ ಪೆಟ್ರೋಲೇ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಓಡುತ್ತಿದ್ದ ಎಂಜಿನ್ ಸೀಮೆಎಣ್ಣೆಯಲ್ಲೇ ಥಟ್ಟನೆ ನಿಂತು ತಣ್ಣಗಾಯಿತೋ, ಹಗ್ಗ ಎಳೆದವನ ರಟ್ಟೆ ಸೋಲುತ್ತದೆ. ಪೂರ್ತಿ ಉರಿಯದ ಸೀಮೆಎಣ್ಣೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಸುತ್ತದೆ. ಮಳೆಗಾಲದಲ್ಲಿ ಕ್ಯಾನಿನೊಳಗೆ ನೀರು ಸೇರುತ್ತದೆ; ಬಟ್ಟೆಯಲ್ಲಿ ಸೋಸಿದರೆ ಕಸ ಹೋದೀತು, ನೀರು ಹೋಗುವುದಿಲ್ಲ. ಹೊಳೆ ತಂದು ಸುರಿದ ಪ್ಲಾಸ್ಟಿಕ್ ಚೀಲ ತಂಪು ನೀರು ಹೀರುವ ಕಿಂಡಿಗೆ ಅಂಟಿಕೊಂಡರೆ ಎಂಜಿನ್ ಕಾದು ಕೆಂಡವಾಗುತ್ತದೆ. ಅದಕ್ಕೇ ಅನುಭವಿಗಳ ಒಂದು ಕಣ್ಣು ಸದಾ ಎಂಜಿನ್ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಎಳೆಯ ಮೇಲಿರುತ್ತದೆ. ಎಳೆ ಸೊರಗಿತೆಂದರೆ ಕಿಂಡಿ ಕಟ್ಟಿದೆ, ಇಲ್ಲವೇ ಒಳಗಿನ ನೀರಿನ ಪಂಪ್ ಸವೆದಿದೆ. ಇವುಗಳ ಜೊತೆಗೆ ತನ್ನದೇ ಬಲೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಕರ್ಮ ಬೇರೆ.

ಈ ಬಹುತೇಕ ತೊಂದರೆಗಳಿಗೆ ಕಡಲಲ್ಲೇ ಮದ್ದಿದೆ. ಒಣಗಿದ ಎರಡು ಪ್ಲಗ್, ಪ್ಲಗ್ ಪಾನಾ, ಫಿಲ್ಟರ್, ಎಳೆಯುವ ಹಗ್ಗ, ಪ್ರೊಪೆಲ್ಲರಿನ ಪಿನ್, ಚೂರಿ, ಬೇರೆಯಾಗಿ ಮುಚ್ಚಿಟ್ಟ ಒಂದು ಲೀಟರ್ ಶುದ್ಧ ಪೆಟ್ರೋಲ್ ಇದ್ದರೆ ಹೆಚ್ಚಿನ ಕೆಲಸ ಆದೀತು. ಆದರೆ ಇದೆಲ್ಲ ಆಗಬೇಕಾದದ್ದು ಎಲ್ಲಿ ಎಂದು ಯೋಚಿಸಿ. ಎಂಜಿನ್ ನಿಂತ ದೋಣಿ ತಾನಾಗಿ ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯಲ್ಲಿ ಪ್ಲಗ್ ಬಿಚ್ಚುವವನು ಒಂದು ಕೈಯಲ್ಲಿ ತನ್ನನ್ನು ಹಿಡಿದುಕೊಂಡು, ಇನ್ನೊಂದರಲ್ಲಿ ಪಾನಾ ಹಿಡಿದು, ಅದು ನೀರಿಗೆ ಬೀಳದಂತೆ ಕಾಯಬೇಕು. ಮುಂಬದಿಯಿಂದ ಲಂಗರು ಬಿಟ್ಟರೆ ಮೂತಿ ಅಲೆಗೆದುರಾಗಿ ನಿಲ್ಲುತ್ತದೆ, ಎರಡೂ ಕೈ ಬಿಡುವಾಗುತ್ತವೆ. ನಮ್ಮ ಕರಾವಳಿಯ ಕಡಲತಳ ದಡದಿಂದ ಬಹುದೂರ ನಿಧಾನವಾಗಿ ಇಳಿಯುವುದು ಇದಕ್ಕೆ ಅನುಕೂಲ. 20 ಮೀಟರ್ ಆಳಕ್ಕೆ ಐದು ಪಟ್ಟು ಲೆಕ್ಕದಲ್ಲಿ 100 ಮೀಟರ್ ಹಗ್ಗ ಬೇಕು, ಅಷ್ಟೇ. ಹಗ್ಗ ಗಿಡ್ಡವಾದರೆ ಲಂಗರು ಕೆಸರನ್ನು ಕಚ್ಚದೆ ಉಳುತ್ತಾ ಹೋಗುತ್ತದೆ. ತುದಿಗೆ ಒಂದಷ್ಟು ಸರಪಳಿ ಸೇರಿಸಿದರೆ ಹಿಡಿತ ಇನ್ನೂ ಗಟ್ಟಿ.

ದೋಣಿ ತೇಲಿಹೋಗುವ ಲೆಕ್ಕವನ್ನೂ ನೋಡಬೇಕು. 1 ನಾಟ್, ಅಂದರೆ ಗಂಟೆಗೆ 1.85 ಕಿಲೋಮೀಟರ್ ವೇಗದಲ್ಲಿ ತೇಲಿದರೂ ಒಂದು ರಾತ್ರಿಯ 12 ಗಂಟೆಯಲ್ಲಿ ದೋಣಿ 22 ಕಿಲೋಮೀಟರ್ ಆಚೆ ಇರುತ್ತದೆ. ಹೊತ್ತು ಇಮ್ಮಡಿಯಾದರೆ ಹುಡುಕಬೇಕಾದ ವಿಸ್ತಾರ ನಾಲ್ಮಡಿಯಾಗುತ್ತದೆ. ಎತ್ತ ತೇಲುತ್ತದೆ ಎಂಬುದು ಋತುವಿಗೆ ಬಿಟ್ಟದ್ದು. ಚಳಿಗಾಲದ ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿ ದೋಣಿಯನ್ನು ಆಳಕ್ಕೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೆ ಒಯ್ಯುತ್ತದೆ. ಮುಂಗಾರಿನ ಪಡುಗಾಳಿ ಅದನ್ನು ದಡದತ್ತ ನೂಕುತ್ತದೆ. ಕೇಳಲು ಹಿತವೆನಿಸಿದರೂ ಅಲ್ಲಿ ಕಾದಿರುವುದು ಒಡೆಯುವ ಅಲೆಗಳು ಮತ್ತು ಕಡಲ್ಕೊರೆತಕ್ಕೆಂದು ಸುರಿದ ಬಂಡೆಗಲ್ಲುಗಳು. ಎರಡೂ ಕಾಲದಲ್ಲಿ ದೋಣಿ ಇದ್ದಲ್ಲೇ ನಿಲ್ಲುವುದು ಲೇಸು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು ಭಾರ ಮತ್ತು ಜಾಗದ್ದು: ಬಲೆ, ಮಂಜುಗಡ್ಡೆ, ಕ್ಯಾನು, ಜನ ತುಂಬಿದ ದೋಣಿಯಲ್ಲಿ 100 ಮೀಟರ್ ಹಗ್ಗದ ಸುರುಳಿ ಎಲ್ಲಿಡುವುದು? ಮಾತು ಸುಳ್ಳಲ್ಲ. ಆದರೆ ಅದೇ ಜಾಗದ ಲೆಕ್ಕ ಎರಡನೇ ಎಂಜಿನ್ನಿಗೂ ಅನ್ವಯಿಸಬೇಕು. ಎರಡನೇ ಎಂಜಿನ್ ಇದ್ದರೆ ನಿಶ್ಚಿಂತೆ ಎನ್ನುವವರು ಎರಡಕ್ಕೂ ಇಂಧನ ಒಂದೇ ಬ್ಯಾರೆಲ್ಲಿನದು ಎಂಬುದನ್ನು ಮರೆಯುತ್ತಾರೆ. ನೀರು ಬೆರೆತ ಎಣ್ಣೆ ಎರಡನ್ನೂ ಒಟ್ಟಿಗೇ ಮಲಗಿಸುತ್ತದೆ. ಲಂಗರಿಗೆ ಎಣ್ಣೆಯ ಹಂಗಿಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಾಟುಬಲೆಗೆ ನಾಡದೋಣಿಗಳು ಗುಂಪಾಗಿಯೇ ಹೋಗುತ್ತವೆ. ಒಂದು ಕೆಟ್ಟರೆ ಇನ್ನೊಂದು ಎಳೆದು ತರುತ್ತದೆ, ಕರಾವಳಿಯಲ್ಲಿ ಇದು ಹೇಳಿಸಿಕೊಳ್ಳದೆ ನಡೆಯುವ ಧರ್ಮ. ನಿಜ, ಗುಂಪೇ ಅತಿ ದೊಡ್ಡ ವಿಮೆ. ಆದರೆ ಒಂಟಿಯಾಗಿ ಕಂತಬಲೆ ಬಿಡಲು ಹೋಗುವ ಇಬ್ಬರ ದೋಣಿಗೆ ಆ ಗುಂಪಿಲ್ಲ. ಗುಂಪಿನಲ್ಲೂ ಬಲೆ ಅರ್ಧ ಎಳೆದ ಸಂಗಡಿಗ ತಕ್ಷಣ ಬರಲಾರ; ಮೀನು ತುಂಬಿದ ಬಲೆ ಬಿಟ್ಟು ಬಾ ಎಂದು ಕೇಳುವುದೂ ಸುಲಭವಲ್ಲ. ಅವನು ಬರುವ ತನಕ ನಿಲ್ಲಲು ಲಂಗರು ಬೇಕು, ಬಂದ ಮೇಲೆ ಎಳೆಯಲು ಅದರದೇ ಹಗ್ಗ ಆಗುತ್ತದೆ.

ಮೂರನೆಯದು ಹೊಸ ಕಾಲದ್ದು: ಉಪಕರಣವಿರುವಾಗ ಇದೆಲ್ಲ ಯಾಕೆ? ಕರಾವಳಿ ಕಾವಲು ಪಡೆಗೆ ಕರೆ ಮಾಡಲು 1554, ಕರಾವಳಿ ಕಾವಲು ಪೊಲೀಸರಿಗೆ 1093 ಇದೆ. ಇಸ್ರೊ ರೂಪಿಸಿದ ಅಪಾಯ ಸೂಚಕ ಸಾಧನ 2010ರಿಂದ ಬಳಕೆಯಲ್ಲಿದೆ. 2024ರಲ್ಲಿ ಬಂದ ಅದರ ಎರಡನೇ ತಲೆಮಾರು, ಕರೆ ತಲುಪಿತು ಎಂಬ ಉತ್ತರವನ್ನೂ ದೋಣಿಗೆ ಕಳಿಸುತ್ತದೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿರುವವನಿಗೆ ಆ ಉತ್ತರ ಎಷ್ಟು ದೊಡ್ಡದು ಎಂದು ಹೇಳಬೇಕಿಲ್ಲ. ಇವನ್ನು ಬೇಡವೆನ್ನುವುದು ಹಟಮಾರಿತನ. ಆದರೂ ಕರೆ ತಲುಪುವುದಕ್ಕೂ ಹಡಗು ತಲುಪುವುದಕ್ಕೂ ನಡುವೆ ಗಂಟೆಗಳಿವೆ. ಉಪಕರಣ ಜಾಗ ತಿಳಿಸುತ್ತದೆ, ದೋಣಿ ಮಗುಚದಂತೆ ಹಿಡಿಯುವುದಿಲ್ಲ.

ಲಂಗರಿಗೂ ಮಿತಿ ಇದೆ, ಅದು ಅಳಿವೆ ಬಾಗಿಲು. ಹೊಳೆಯೂ ಕಡಲೂ ಸೇರುವಲ್ಲಿ ಮರಳಿನ ದಿಬ್ಬದ ಮೇಲೆ ಅಲೆ ಕಡಿದಾಗಿ ಏಳುತ್ತದೆ. ಅಲ್ಲಿ ಎಂಜಿನ್ ನಿಂತರೆ ಹಗ್ಗ ಬಿಚ್ಚಲೂ ಪುರುಸೊತ್ತಿರುವುದಿಲ್ಲ, ಬಿಟ್ಟರೂ ಆ ಅಲೆಯ ಎಳೆತಕ್ಕೆ ಲಂಗರು ಜಾರೀತು. ಹಾಗಾಗಿ ಅಳಿವೆಯ ಸಿದ್ಧತೆ ಅಳಿವೆಗೆ ಮುಂಚೆಯೇ ಮುಗಿಯಬೇಕು: ಹೊರಗೆ ನಿಂತು ಇಂಧನ ನೋಡಿಕೊಳ್ಳುವುದು, ಹಗ್ಗದ ಸುರುಳಿಯನ್ನು ಬಿಡಿಸಿ ಮುಂಬದಿಯಲ್ಲಿಡುವುದು, ಹುಟ್ಟುಗಳನ್ನು ಬಲೆಯ ಅಡಿಯಿಂದ ಎಳೆದು ಕೈಗೆ ಸಿಗುವಂತೆ ಮಾಡುವುದು, ಎಲ್ಲರೂ ಲೈಫ್ ಜಾಕೆಟ್ ತೊಡುವುದು. ಎಂಜಿನ್ ಒಂದೆರಡು ಸಲ ಕೆಮ್ಮಿದರೂ ಒಳಗೆ ನುಗ್ಗದೆ ಹೊರಗೇ ಲಂಗರು ಬಿಟ್ಟು ಪ್ಲಗ್ ಬದಲಿಸಬೇಕು. ಆ ಅರ್ಧ ಗಂಟೆಯಲ್ಲಿ ಮೀನಿನ ದರ ಇಳಿದೀತು. ಏಲಂ ಮುಗಿದೇ ಹೋಗಬಹುದು. ಅವಸರಕ್ಕೆ ಬಹುಮಟ್ಟಿಗೆ ಕಾರಣವೂ ಅದೇ ಆದ್ದರಿಂದ, ತಡವಾಗಿ ಬಂದ ದೋಣಿಯ ಮೀನಿಗೂ ಆ ದಿನದ ದರ ಸಿಗುವಂತೆ ಧಕ್ಕೆಯಲ್ಲಿ ಏರ್ಪಾಡಾದರೆ ಅದನ್ನೂ ಸಿದ್ಧತೆಯ ಲೆಕ್ಕಕ್ಕೇ ಸೇರಿಸಬೇಕು.